ನಾಲಿಗೆಯಡಿಯ ಹನಿ, ನಡುಗುವ ಕತ್ತಿ

ನನ್ನ ಕಾಳಿನ ಅಂಗಡಿಗೂ ಔಷಧದ ಅಂಗಡಿಗೂ ನಡುವೆ ಒಂದು ಕ್ಷೌರದಂಗಡಿ. ಅದರ ಯಜಮಾನನನ್ನು ಬೀದಿಯವರೆಲ್ಲ ಕರೆಯುವುದು ‘ಬೆಣ್ಣೆ’ ಎಂದು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಡ್ಡ ತೆಗೆಯುತ್ತಾನೆಂದು ಯಾರೋ ಇಟ್ಟ ಹೆಸರು. ಬೈಗುಳದ ಹೆಸರನ್ನು ಹೇಗೋ ಹೊತ್ತುಕೊಂಡು ತಿರುಗಬಹುದು. ಹೊಗಳಿಕೆಯ ಹೆಸರಿಗೆ ಮಾತ್ರ ದಿನಾ ಬೆಳಗಾದರೆ ತಕ್ಕವನಾಗಿರಬೇಕು.

ಅಂಥವನ ಬಲಗೈ ನಡುಗತೊಡಗಿತು. ಮೊದಲು ಚಹಾದ ಲೋಟದಲ್ಲಿ, ಆಮೇಲೆ ಕತ್ತಿಯಲ್ಲಿ. ಡಾಕ್ಟರು, “ನಿಮ್ಮಪ್ಪನಿಗೂ ಇತ್ತಲ್ಲ, ಇದು ವಂಶದಲ್ಲಿ ಬರೋ ನಡುಕ” ಎಂದು ಮಾತ್ರೆ ಬರೆದರು. ಮಾತ್ರೆ ನುಂಗಿದರೆ ತಲೆ ಸುತ್ತು. ಮಾತ್ರೆಯನ್ನೂ ಬಿಟ್ಟ, ಡಾಕ್ಟರನ್ನೂ ಬಿಟ್ಟ. ಗಿರಾಕಿಗಳೇ ಡಾಕ್ಟರಾದರು. ಕತ್ತಿಗೆ ಕುತ್ತಿಗೆ ಒಡ್ಡಿ ಕೂತವನಿಗಿಂತ ಹೆಚ್ಚಿನ ಕಾಳಜಿ ಇನ್ಯಾರಿಗಿರುತ್ತದೆ?

ಅವರಲ್ಲಿ ವ್ಯಾಯಾಮಶಾಲೆಯ ಮೇಷ್ಟ್ರು ಜೋರು. “ಹಾಲು, ಮೊಟ್ಟೆ, ಮಾಂಸ ಎಲ್ಲಾ ಬಿಡು. ಸೊಪ್ಪು, ತರಕಾರಿ, ಕಾಳು ತಿನ್ನು. ಜೊತೆಗೆ ಸಿಬಿಡಿ ಎಣ್ಣೆ, ನಾಲಿಗೆ ಕೆಳಗೆ ಒಂದೆರಡು ಹನಿ. ನರ ಎಲ್ಲ ತಣ್ಣಗಾಗುತ್ತೆ.”

“ಅದೆಂಥ ಎಣ್ಣೆ?” ಬೆಣ್ಣೆ ಕೇಳಿದ.

“ಗಾಂಜಾ ಗಿಡದ್ದೇ. ಆದ್ರೆ ಮತ್ತು ಬರಲ್ಲ.”

ಮೂಲೆಯಲ್ಲಿ ಟವೆಲು ಮಡಚುತ್ತಿದ್ದ ಬೆಣ್ಣೆಯ ಹೆಂಡತಿ ತಲೆ ಎತ್ತಿದಳು. “ಮತ್ತೂ ಬರಲ್ಲ ಅಂದ್ಮೇಲೆ ಕುಡಿದೋರಿಗೆ ಏನು ಸುಖ? ನೋಡೋ ನಮಗೇನು ಮಜಾ?”

ಬೆಣ್ಣೆ ನಗಲಿಲ್ಲ. ಮುಳುಗುವವನು ಹುಲ್ಲುಕಡ್ಡಿಯ ಜಾತಕ ಕೇಳುವುದಿಲ್ಲ. ಅಂದಿನಿಂದಲೇ ಆ ಪಥ್ಯವನ್ನೂ ಎಣ್ಣೆಯನ್ನೂ ಹಿಡಿದ. ನನ್ನ ಅಂಗಡಿಯ ಹೆಸರುಕಾಳು, ಅಲಸಂದೆ ಕರಗತೊಡಗಿದವು. ವ್ಯಾಪಾರಿಯಾಗಿ ನನ್ನ ತಕರಾರೇನೂ ಇರಲಿಲ್ಲ. ಆದರೆ ಹೊಸ ಶಿಷ್ಯ ಯಾವಾಗಲೂ ಗುರುವಿಗಿಂತ ಎರಡು ಹೆಜ್ಜೆ ಮುಂದೆ. ಬಿಡುವುದಾದರೆ ಪೂರ್ತಿ ಬಿಡಬೇಕೆಂದು ಅಡುಗೆ ಎಣ್ಣೆ, ಕಡಲೆಬೀಜ, ತೆಂಗಿನಕಾಯಿಯನ್ನೂ ಬಿಟ್ಟ. ಬೇಯಿಸಿದ ಸೊಪ್ಪು, ಬೇಯಿಸಿದ ಕಾಳು, ಆ ಹನಿ. ಅಷ್ಟೇ.

ಸಂಜೆ ಗಿರಾಕಿಗಳು ಹೋದ ಮೇಲೆ ಒಂದು ಬಲೂನು ಊದಿ, ನೊರೆ ಹಚ್ಚಿ, ಕತ್ತಿಯಿಂದ ಕೆರೆಯುತ್ತಿದ್ದ. ಕಲಿಯುವವರಿಗೆ ಅವನೇ ಹೇಳಿಕೊಡುತ್ತಿದ್ದ ಪಾಠ ಅದು. ಢಬ್ ಎಂಬ ಸದ್ದು ನನ್ನ ಅಂಗಡಿಗೂ ಕೇಳುತ್ತಿತ್ತು.

“ಇವತ್ತೂ ಹೋಯ್ತಾ?” ಒಳಗಿನಿಂದ ಹೆಂಡತಿ.

“ಹಳೇ ಮಾಲು ಕಣೇ.”

“ಯಾವುದು, ಬಲೂನಾ ನೀವಾ?”

ಹೀಗೆ ಚುಚ್ಚಿ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು ಕಿಟಕಿಯಿಂದ ನನಗೆ ಕಾಣುತ್ತಿತ್ತು.

ಹನಿಗಳು ಹೆಚ್ಚಾದವು, ನಡುಕ ಕಡಿಮೆಯಾಗಲಿಲ್ಲ. ಗಿರಾಕಿಗಳು ನೇರವಾಗಿ ಏನೂ ಹೇಳದೆ ಗಡ್ಡ ಬಿಡತೊಡಗಿದರು. ನಮ್ಮ ಬೀದಿಯಲ್ಲಿ ಒಟ್ಟಿಗೇ ಅಷ್ಟು ಜನ ಋಷಿಗಳು ಹುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಒಂದು ದಿನ ಬೆಣ್ಣೆ ನನ್ನ ಅಂಗಡಿಗೆ ಬಂದು, “ಸಾವ್ಕಾರ್ರೇ, ನಿಮ್ಮ ತಕ್ಕಡಿಯ ಸಣ್ಣ ತೂಕದ ಕಲ್ಲು ಕೊಡ್ತೀರಾ? ಮಣಿಕಟ್ಟಿಗೆ ಕಟ್ಕೋತೀನಿ. ಭಾರಕ್ಕಾದ್ರೂ ನಿಲ್ಲುತ್ತೇನೋ” ಎಂದ. ಕೊಟ್ಟೆ. ಕೈ ಕಲ್ಲನ್ನೂ ಸೇರಿಸಿಕೊಂಡೇ ನಡುಗಿತು.

“ಕತ್ತಿ ಹಿಡಿಯೋದು ಬಿಟ್ರೆ ನನಗೆ ಬೇರೇನೂ ಬರಲ್ಲ” ಎಂದು ಕಲ್ಲು ವಾಪಸು ಇಟ್ಟ. ನಾನು ಅವನ ಹೆಸರುಕಾಳು ತೂಗಿ, ಮೇಲೆ ಒಂದು ಹಿಡಿ ಸೇರಿಸಿ ಕಟ್ಟಿಕೊಟ್ಟೆ.

ಗಂಡನ ಕೆನ್ನೆ ಗುಳಿ ಬಿದ್ದದ್ದನ್ನು ನೋಡಲಾರದೆ ಹೆಂಡತಿ ಒಂದು ಬೆಳಿಗ್ಗೆ ಗುಟ್ಟಾಗಿ ಸೊಪ್ಪಿಗೆ ಕಡಲೆಬೀಜವನ್ನೂ ಕಾಯನ್ನೂ ನುಣ್ಣಗೆ ರುಬ್ಬಿ ಹಾಕಿದಳು. ಅವನು ಚಪ್ಪರಿಸಿ ತಿಂದು, ಎಂದಿನಂತೆ ಕೈಗೆ ಬಂದಷ್ಟು ಹನಿ ಬಿಟ್ಟುಕೊಂಡು ಅಂಗಡಿಗೆ ಬಂದ. ಸ್ವಲ್ಪ ಹೊತ್ತಿಗೆ ಕುರ್ಚಿಯಲ್ಲಿ ಕೂತವನು ನಾನು. ಕತ್ತಿ ನನ್ನ ದವಡೆಯ ಕೆಳಗೆ ಬಂದು ನಿಂತಿತು. ಮುಂದೆ ಹೋಗಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಪುಣ್ಯಾತ್ಮ ನಿಂತಲ್ಲೇ ನಿದ್ದೆ ಹೋಗಿದ್ದಾನೆ! ಉಸಿರು ಬಿಗಿಹಿಡಿದು ಅವನ ಮಣಿಕಟ್ಟು ಹಿಡಿದು ಕೆಳಗಿಳಿಸಿದೆ.

ಔಷಧದಂಗಡಿಯವಳು ಓಡಿ ಬಂದು ಎಣ್ಣೆಯ ಶೀಶೆ ನೋಡಿದಳು, ಏನು ತಿಂದಿದ್ದನೆಂದು ಕೇಳಿದಳು. ಹೆಂಡತಿ ಅಳುತ್ತ ಒಪ್ಪಿಕೊಂಡಳು.

“ಅಳಬೇಡಿ ಅಕ್ಕಾ. ಈ ಔಷಧಿ ಜಿಡ್ಡಿನ ಊಟದ ಜೊತೆ ಮೈಗೆ ಚೆನ್ನಾಗಿ ಹತ್ತುತ್ತೆ. ಇಷ್ಟು ದಿನ ಬರೀ ಬೇಯಿಸಿದ್ದು ತಿಂದು ತಗೊಂಡಿದ್ರಲ್ಲಿ ಮುಕ್ಕಾಲು ಪಾಲು ಸುಮ್ಮನೆ ಹೋಗಿದೆ. ಹತ್ತಲಿಲ್ಲ ಅಂತ ಇವರು ಹನಿ ಏರಿಸಿದ್ರು, ಇವತ್ತು ಒಟ್ಟಿಗೇ ಹತ್ತಿದೆ.”

ತೂಕಡಿಸುತ್ತಿದ್ದವನ ಕಣ್ಣು ಫಕ್ಕನೆ ಅರಳಿತು. “ಅಂದ್ರೆ ಇಷ್ಟು ದಿನ ಔಷಧಿ ಒಳಗೇ ಹೋಗಿಲ್ವಾ? ಇನ್ಮೇಲೆ ಕೆಲಸ ಮಾಡುತ್ತಾ?”

“ಕೈ ನಡುಕಕ್ಕೆ ಇದೇ ಮದ್ದು ಅಂತ ಯಾರೂ ಸಾಬೀತು ಮಾಡಿಲ್ಲಣ್ಣಾ. ಡಾಕ್ಟರಿಗೆ ಹೇಳದೆ ತಗೋಬೇಡಿ.”

ಅವನಿಗೆ ಮೊದಲ ವಾಕ್ಯ ಕೇಳಿಸಲೇ ಇಲ್ಲ. ಆಸೆಗೆ ಕಿವಿ ಒಂದೇ. ಎರಡನೆಯದನ್ನು ಹೆಂಡತಿ ಕೇಳಿಸಿಕೊಂಡು ಅವನನ್ನು ಡಾಕ್ಟರ ಬಳಿ ಎಳೆದೊಯ್ದಳು. ಅವರು ಗದರಿ, ಹಟ ನೋಡಿ, ಹನಿ ಇಳಿಸಿ, ಸ್ವಲ್ಪ ದಿನ ನೋಡೋಣ ಎಂದರು. ಕಡಲೆಬೀಜ, ಕಾಯಿ ತಟ್ಟೆಗೆ ಮರಳಿದವು. ಮುಖಕ್ಕೆ ಕಳೆ ಬಂತು. ನಿದ್ದೆ ಬಂತು. ಹಸಿದ ಹೊಟ್ಟೆಯಲ್ಲಿ ಹೆಂಡತಿಯ ಮೇಲೆ ಸಿಡುಕುತ್ತಿದ್ದುದೂ ನಿಂತಿತು.

“ಕೈ?” ಎಂದು ಕೇಳಿದೆ.

“ನಡುಗುತ್ತೆ. ಮೊದಲು ಗಾಬರಿಯಾಗಿ ನಡುಗ್ತಿತ್ತು, ಈಗ ಸಮಾಧಾನವಾಗಿ ನಡುಗುತ್ತೆ.”

ಅವನ ಬಾಯಲ್ಲಿ ಬಹಳ ದಿನದ ಮೇಲೆ ಬಂದ ತಮಾಷೆ. ಇಬ್ಬರೂ ನಗಲಿಲ್ಲ.

ಆ ಶೀಶೆ ಮುಗಿದಾಗ ಇನ್ನೊಂದು ತರಲಿಲ್ಲ. ಗಡ್ಡ ತೆಗೆಯುವ ವಿದ್ಯುತ್ ಯಂತ್ರ ತಂದ. ಅದಕ್ಕೆ ಬಾಚಣಿಗೆಯಂಥ ಹಲ್ಲಿನ ಕವಚವಿದೆ. ಕೈ ಎಷ್ಟು ಕುಣಿದರೂ ಚರ್ಮ ಕೊಯ್ಯುವುದಿಲ್ಲ. ಮೊದಲ ಗಿರಾಕಿ ನಾನೇ ಆದೆ. ಅದು ಗುಂಯ್ ಎಂದು ಮುಖದ ಮೇಲೆಲ್ಲ ಓಡಾಡಿತು. ಹಳಸಿದ ಊಟ ಬಡಿಸುವವನ ಹಾಗೆ ಅವನು ಮತ್ತೆ ಮತ್ತೆ, “ನೋವಾಯ್ತಾ?” ಎಂದು ಕೇಳಿದ.

“ಇಲ್ಲ ಮಾರಾಯ.”

ಯಂತ್ರ ನಿಲ್ಲಿಸಿ ಬೆರಳಿನ ಹಿಂಬದಿಯನ್ನು ನನ್ನ ಕೆನ್ನೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆದ. ಅರ್ಧ ದಾರಿಯಲ್ಲಿ ಒರಟು ಸಿಕ್ಕಿ ಬೆರಳು ನಿಂತಿತು. ಅಲ್ಲೇ ನಡುಗುತ್ತಿತ್ತು.

“ಇಷ್ಟೇ ಬರೋದು ಸಾವ್ಕಾರ್ರೇ” ಎಂದು ಟವೆಲು ಬಿಚ್ಚಿದ.