ಮೂರು ನೂಲು ಕಮ್ಮಿ

ಬಡಗಿಗಳ ಅಳತೆಯಲ್ಲಿ ಒಂದು ಇಂಚಿಗೆ ಎಂಟು ನೂಲು. ಉಳಿದವರು ಇಂಚಿನಲ್ಲಿ ಮಾತಾಡಿದರೆ ಅವನು ನೂಲಿನಲ್ಲಿ ಮಾತಾಡುತ್ತಿದ್ದ. ಹಾಗಾಗಿ ಕೆಲಸದ ಕಡೆಯೆಲ್ಲ ಅವನಿಗೆ ನೂಲಣ್ಣ ಅಂತಲೇ ಹೆಸರು ಬಿದ್ದಿತ್ತು. ಬೇರೆಯವರು ಕೂರಿಸಿದ ಬಾಗಿಲನ್ನು ದೂರದಿಂದಲೇ ನೋಡಿ, "ಮೇಲ್ಗಡೆ ಒಂದು ನೂಲು ಬಾಯಿ ಬಿಟ್ಟಿದೆ ನೋಡು" ಅನ್ನುತ್ತಿದ್ದ. ಟೇಪು ಹಿಡಿದರೆ ಅಷ್ಟೇ ಇರುತ್ತಿತ್ತು. "ನಮ್ಮ ಯಜಮಾನರು ಚಾದರ ಹಾಸಿದ ಮೇಲೂ ರಸಮಟ್ಟ ಇಟ್ಟು ಸಮ ಇದೆಯಾ ಅಂತ ನೋಡ್ತಾರೆ" ಎಂದು ಹೆಂಡತಿ ನೆಂಟರ ಮುಂದೆ ನಗುತ್ತಿದ್ದಳು. ಅವನೂ ನಗುತ್ತಿದ್ದ. ಒಳಗೊಳಗೇ ಅದು ಅವನಿಗೆ ಬಿರುದು.

ಐವತ್ನಾಲ್ಕಕ್ಕೆ ಆ ಬಿರುದೊಂದು ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಬಲಭುಜ ಕಿವಿಗಿಂತ ಮೇಲೆ ಏಳುತ್ತಿರಲಿಲ್ಲ. ಕೊಯ್ಯುವ ಮಷೀನಿನ ಸದ್ದು ಎಡಗಿವಿಯನ್ನು ತಿಂದುಹಾಕಿತ್ತು; ಹೆಂಡತಿ ಏನಾದರೂ ಹೇಳಬೇಕೆಂದರೆ ಬಲಗಡೆ ಬಂದು ಕೂರುತ್ತಿದ್ದಳು. ಬೆಳಿಗ್ಗೆ ಎದ್ದರೆ ಬೆರಳು ಮಡಚುವುದಕ್ಕೇ ಹತ್ತು ನಿಮಿಷ ಬೇಕಿತ್ತು. ಕೆಲಸವೂ ಹಿಂದಿನ ಕೆಲಸವಲ್ಲ. ಹಲಗೆ ಆರಿಸಿ, ಹತ್ತರಿ ಹೊಡೆದು ನಯ ಮಾಡಿ, ಮನೆಗೆ ತಕ್ಕ ಹಾಗೆ ಅಲ್ಮಾರಿ ಮಾಡುವ ಕಾಲ ಹೋಗಿ, ಕಾರ್ಖಾನೆಯಿಂದ ರಟ್ಟಿನಲ್ಲಿ ಸುತ್ತಿಕೊಂಡು ಬಂದ ಡಬ್ಬಗಳನ್ನು ಗೋಡೆಗೆ ಜೋಡಿಸುವ ಕಾಲ ಬಂದಿತ್ತು. ಜೋಡಿಸುವ ಮೊದಲು ಹಳೆಯದನ್ನು ಕೀಳಬೇಕು. ಈಚಿನ ಮೂರು ನಾಲ್ಕು ವರ್ಷಗಳಲ್ಲಿ ಅವನು ಮಾಡಿದ್ದಕ್ಕಿಂತ ಕಿತ್ತಿದ್ದೇ ಹೆಚ್ಚು.

ಆ ಬುಧವಾರವೂ ಕೀಳುವ ಕೆಲಸವೇ. ಲಿಫ್ಟ್ ಇಲ್ಲದ ಕಟ್ಟಡ, ಮೂರನೇ ಮಹಡಿ. ಮನೆ ಕೊಂಡ ದಂಪತಿ ಇನ್ನೂ ವಾಸಕ್ಕೆ ಬಂದಿರಲಿಲ್ಲ. ಒಳಗಿನದೆಲ್ಲ ಹೊಸದು ಮಾಡಿಸಲು ಡಿಸೈನರ್ ಒಬ್ಬಳಿಗೆ ಒಪ್ಪಿಸಿದ್ದರು. ಮೂವತ್ತು ದಾಟದ ಹೆಣ್ಣುಮಗಳು. ಮಾತು ಮೆತ್ತಗೆ, ಹೇಳಿದ ದಿನ ಮಾತ್ರ ಕಲ್ಲಿನ ಹಾಗೆ ಗಟ್ಟಿ.

"ಅಣ್ಣ, ಅಡುಗೆಮನೆ ಇವತ್ತೇ ಖಾಲಿ ಆಗ್ಬೇಕು. ನಾಳೆ ಬೆಳಿಗ್ಗೆ ಪ್ಲಂಬರ್ ಬರ್ತಾರೆ. ಯಾವುದನ್ನೂ ಇಟ್ಕೊಳ್ಳೋದಿಲ್ಲ, ಸುತ್ತಿಗೆ ಹಾಕಿ ಒಡೆದುಬಿಡಿ" ಎಂದಳು.

"ಆಯ್ತಮ್ಮ" ಎಂದ ನೂಲಣ್ಣ. ಒಡೆಯುವುದಕ್ಕೆ ಹೆಚ್ಚು ಮಾತು ಬೇಕಿರಲಿಲ್ಲ.

ಅವಳು ಹೋದ ಮೇಲೆ ಅಂಗಿ ಬಿಚ್ಚಿ ಕಿಟಕಿಯ ಕಂಬಿಗೆ ನೇತುಹಾಕಿದ. ಅಲ್ಮಾರಿಗಳಿಗೆ ಒಮ್ಮೆ ಕೆನೆಬಣ್ಣ, ಅದರ ಮೇಲೆ ಬೂದಿಬಣ್ಣ ಬಳಿದಿದ್ದರು; ಮರ ಯಾವುದೆಂದೇ ತಿಳಿಯುತ್ತಿರಲಿಲ್ಲ. ಸಿಂಕಿನ ಪಕ್ಕದ ಅಲ್ಮಾರಿಗೆ ಒಂದು ಏಟು ಹಾಕಿದ. ಅದು ಅಲ್ಲಾಡಲಿಲ್ಲ. ಇನ್ನೊಂದು ಹಾಕಿದ. ಏಟು ತಿರುಗಿ ಭುಜಕ್ಕೇ ಬಂತು. ಈಗಿನ ಮಾಲಾಗಿದ್ದರೆ ಇಷ್ಟು ಹೊತ್ತಿಗೆ ಹೊಟ್ಟು ಉದುರಬೇಕಿತ್ತು. ಯಾವನಪ್ಪ ಈ ಪುಣ್ಯಾತ್ಮ ಎಂದು ಬೈದುಕೊಳ್ಳುತ್ತ ಕೆಳಗಿನ ಡ್ರಾಯರನ್ನು ಪೂರಾ ಎಳೆದು ನೆಲಕ್ಕೆ ಮಗುಚಿದ.

ಮೂಲೆಯಲ್ಲಿ ಒಂದೂ ಮೊಳೆ ಇರಲಿಲ್ಲ. ಎರಡು ಹಲಗೆಗಳ ತುದಿಯಲ್ಲಿ ಹಲ್ಲು ಕೊರೆದು, ಒಂದರೊಳಗೊಂದು ಕಚ್ಚಿಸಿ ಕೂರಿಸಿದ್ದರು. ಕೊನೆಯ ಹಲ್ಲು ಮಿಕ್ಕವಕ್ಕಿಂತ ತುಸು ಸಣ್ಣದು. ಹಾಗೆ ಬಿಡುತ್ತಿದ್ದವನು ನೂಲಣ್ಣನೊಬ್ಬನೇ.

ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಇಪ್ಪತ್ತೆರಡು ವರ್ಷದ ಹಿಂದೆ ಈ ಕಟ್ಟಡ ಬಯಲಲ್ಲಿ ಒಂಟಿಯಾಗಿ ನಿಂತಿತ್ತು. ಸುತ್ತ ಮನೆಗಳೆದ್ದು, ಗೇಟು ಹಿಂದಿನ ಬೀದಿಗೆ ತಿರುಗಿ, ಗುರುತೇ ಸಿಕ್ಕಿರಲಿಲ್ಲ. ಈಗ ತಲೆಯೆತ್ತಿ ನೋಡಿದರೆ ಕಿಟಕಿ ಅದೇ, ಅದರಾಚೆ ಕಾಣುವ ನೀರಿನ ಟ್ಯಾಂಕಿನ ಕಬ್ಬಿಣದ ಏಣಿ ಅದೇ. ಬಾಗಿಲ ಪಕ್ಕದ ಗೋಡೆಗೆ ಏಳಡಿ ಎತ್ತರದ ಅಲ್ಮಾರಿ. ಹಾಗಾದರೆ ಇದು ಸೊಟ್ಟ ಗೋಡೆಯ ಮನೆ!

ಸೊಟ್ಟ ಗೋಡೆಯ ಮನೆಯ ಕತೆಯನ್ನು ಅವನು ಎಷ್ಟು ಜನರಿಗೆ ಹೇಳಿದ್ದನೋ. "ಗೋಡೆ ಮೂರು ನೂಲು ಹಿಂದಕ್ಕೆ ವಾಲಿತ್ತು. ಗಾರೆಯವನ ಕೆಲಸ ಅಷ್ಟು ಚೆನ್ನಾಗಿತ್ತು! ಆದರೂ ನನ್ನ ಅಲ್ಮಾರಿ ನೆಟ್ಟಗೆ ನಿಂತಿತು, ಒಂದು ನೂಲು ಆಚೀಚೆ ಇಲ್ಲ." ಗಾರೆ ಕೆಲಸದವರು ಎದುರಿಗಿದ್ದರೆ ಈ ಕತೆ ಇನ್ನಷ್ಟು ಉದ್ದವಾಗುತ್ತಿತ್ತು.

ಆಗ ಜೊತೆಗಿದ್ದವನು ಅವನ ಅಣ್ಣ. ಏಳು ವರ್ಷಕ್ಕೆ ದೊಡ್ಡವನು. ಅಪ್ಪ ಬೇಗ ಹೋದ ಮೇಲೆ ತಮ್ಮನ ಕೈಗೆ ಉಳಿ ಕೊಟ್ಟವನೂ ಅವನೇ, ಉಳಿ ಜಾರಿ ಹೆಬ್ಬೆರಳು ಸೀಳಿದಾಗ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವನೂ ಅವನೇ. ಕಲಿಯುತ್ತ ಕಲಿಯುತ್ತ ತಮ್ಮ ಅಣ್ಣನನ್ನು ಮೀರಿಸಿದ. ಊರವರು ಹಾಗಂದರು, ತಮ್ಮ ನಂಬಿದ, ಅಣ್ಣ ಇಲ್ಲವೆನ್ನಲಿಲ್ಲ. ಅಳತೆ ತೆಗೆಯುವುದು, ಕೊಯ್ಯುವುದು ತಮ್ಮನ ಪಾಲಿಗೆ. ಗೋಡೆಗೆ ಕೂರಿಸುವುದು ಅಣ್ಣನ ಪಾಲಿಗೆ. ಇಬ್ಬರೂ ಹಾಗೆ ಇಪ್ಪತ್ತು ವರ್ಷಕ್ಕೂ ಮೇಲೆ ಒಂದೇ ಛಾವಣಿಯಡಿ ದುಡಿದರು.

ಮುರಿದುಕೊಂಡಿದ್ದು ಒಬ್ಬ ಡಾಕ್ಟರ ಮನೆಯಲ್ಲಿ, ಒಂಬತ್ತು ವರ್ಷದ ಹಿಂದೆ. ಅವತ್ತು ತಮ್ಮನಿಗೆ ಬೇರೆ ಕಡೆ ಕೆಲಸವಿದ್ದು, ಒಳ್ಳೆಯ ತೇಗದ ಹಲಗೆಯೊಂದನ್ನು ಅಣ್ಣ ಕೊಯ್ದ. ಅರ್ಧ ಇಂಚು ಕಮ್ಮಿಯಾಯಿತು. ಸಂಜೆ ತಮ್ಮ ಬಂದು ಅಳೆದಾಗ ಮನೆಯವರೆಲ್ಲ ನಿಂತು ನೋಡುತ್ತಿದ್ದರು. ನೂಲಣ್ಣನ ಬಾಯಿ ಸುಮ್ಮನಿರಲಿಲ್ಲ. "ಕಣ್ಣು ಕಾಣದಿದ್ರೆ ಮನೇಲಿ ಕೂತ್ಕೋ. ನನ್ನ ಹೆಸರು ಯಾಕೆ ಕೆಡಿಸ್ತೀಯಾ?" ಅಂದುಬಿಟ್ಟ. ಅಣ್ಣ ಟೇಪನ್ನು ಹಲಗೆಯ ಮೇಲಿಟ್ಟ, ನಲ್ಲಿಯಲ್ಲಿ ಕೈ ತೊಳೆದ, ಚಪ್ಪಲಿ ಮೆಟ್ಟಿಕೊಂಡು ಹೋದ. ವಾರದೊಳಗೆ ಹಲಗೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತೆಂದು ಆಮೇಲೆ ತಿಳಿಯಿತು. ತಿಳಿದರೂ ನೂಲಣ್ಣ ಹೋಗಲಿಲ್ಲ. ಮದುವೆ, ಸಾವಿನ ಮನೆಗಳಲ್ಲಿ ಎದುರಾದರೆ "ಹೇಗಿದೀಯ", "ಹೀಗಿದೀನಿ". ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ನೂಲಣ್ಣ ಸುತ್ತಿಗೆ ಬದಿಗಿಟ್ಟು ಸ್ಕ್ರೂಡ್ರೈವರ್ ತೆಗೆದ. ಬಣ್ಣ ಮೆತ್ತಿದ ಸ್ಕ್ರೂಗಳ ತಲೆಯನ್ನು ಉಳಿಯ ತುದಿಯಿಂದ ಕೆರೆದು ಒಂದೊಂದಾಗಿ ಬಿಚ್ಚಿದ. ಏಳಡಿಯ ಅಲ್ಮಾರಿ ಸಡಿಲವಾಗುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಎಡಭುಜ ಕೊಟ್ಟು ಗೋಡೆಯಿಂದ ಒಂದಡಿ ಸರಿಸಿ, ಹಿಂದೆ ಟಾರ್ಚು ಬಿಟ್ಟ.

ಗೋಡೆಗೂ ಅಲ್ಮಾರಿಗೂ ನಡುವೆ, ಮೇಲಿಂದ ಕೆಳಗಿನವರೆಗೆ, ತೆಳುವಾದ ಮರದ ಚಕ್ಕೆಗಳು. ಪ್ರತಿಯೊಂದನ್ನೂ ಹತ್ತರಿ ಹೊಡೆದು ಒಂದೇ ದಪ್ಪಕ್ಕೆ ತಂದಿತ್ತು. ಅವುಗಳ ಪಕ್ಕ, ಅಲ್ಮಾರಿಯ ಹಿಂದಿನ ಹಲಗೆಯಲ್ಲಿ, ಪೆನ್ಸಿಲಿನ ದುಂಡನೆಯ ಅಕ್ಷರ. ಅಣ್ಣನಿಗೆ ಅದೊಂದು ಅಭ್ಯಾಸವಿತ್ತು. ನೀರಿನ ಪೈಪು ಎಲ್ಲಿದೆ, ವೈರು ಎಲ್ಲಿ ಹೋಗಿದೆ ಎಂದು, ಮುಂದೆ ಯಾವತ್ತೋ ಬಿಚ್ಚುವವನಿಗೆ ಕಾಣುವ ಹಾಗೆ ಬರೆದಿಡುವುದು. ಇಲ್ಲಿ ಹೀಗೆ ಬರೆದಿತ್ತು:

"ಇಲ್ಲಿ ಚಕ್ಕೆ ಕೊಟ್ಟಿದೆ, ಹುಷಾರಾಗಿ ಬಿಚ್ಚಿ. ಗೋಡೆ ಸರಿಯಾಗಿದೆ. ತಮ್ಮ ಮೂರು ನೂಲು ಕಮ್ಮಿ ಕೊಯ್ದಿದ್ದಾನೆ. ಅವನ ಮಗು ಆಸ್ಪತ್ರೆಯಲ್ಲಿದೆ, ಗಮನ ಇಲ್ಲ. ಗೋಡೆ ಸೊಟ್ಟ ಅಂತ ಅವನಿಗೆ ಹೇಳಿದ್ದೇನೆ."

ನೂಲಣ್ಣ ಎರಡು ಸಲ ಓದಿದ. ಆಮೇಲೆ ಚೀಲದಿಂದ ತೂಗುಗುಂಡು ತೆಗೆದು, ಏಣಿ ಹತ್ತಿ ಛಾವಣಿಯ ಹತ್ತಿರ ಮೊಳೆ ಹೊಡೆದು ದಾರ ಇಳಿಬಿಟ್ಟ. ಗುಂಡು ಅತ್ತಿತ್ತ ತೂಗಿ ನಿಂತಿತು. ಮೇಲೆ, ನಡುವೆ, ಕೆಳಗೆ ಅಳೆದ. ಗೋಡೆ ದಾರದಷ್ಟೇ ನೇರವಾಗಿತ್ತು.

ಆ ತಿಂಗಳು ಅವನಿಗೆ ನೆನಪಿತ್ತು. ಮೂರು ವರ್ಷದ ಮಗಳಿಗೆ ಜ್ವರ ನೆತ್ತಿಗೇರಿ ಹನ್ನೊಂದು ದಿನ ಆಸ್ಪತ್ರೆ. ಬೆಳಿಗ್ಗೆ ಅಲ್ಲಿಂದ ನೇರ ಕೆಲಸಕ್ಕೆ, ಕೆಲಸದಿಂದ ನೇರ ಅಲ್ಲಿಗೆ. "ನೀನು ಹೊರಡು, ಇದನ್ನ ನಾನು ಕೂರಿಸ್ತೀನಿ" ಎಂದು ಅಣ್ಣ ದಿನಾ ಬೇಗ ಕಳಿಸುತ್ತಿದ್ದ. ಮಗಳು ಹುಷಾರಾಗಿ ಮನೆಗೆ ಬಂದಳು. ಅಲ್ಮಾರಿ ನೆಟ್ಟಗೆ ನಿಂತಿತು. ಆ ಗಾರೆಯವನಿಗೆ ಮಾತ್ರ ಇಷ್ಟು ವರ್ಷ ಸುಮ್ಮಸುಮ್ಮನೆ ಬೈಗುಳ ಬಿತ್ತು.

ನಾಲ್ಕಕ್ಕೆ ಡಿಸೈನರ್ ಬಂದಾಗ ಅಡುಗೆಮನೆ ಅರ್ಧವೂ ಖಾಲಿಯಾಗಿರಲಿಲ್ಲ. ಅವಳ ಮುಖ ಸಣ್ಣದಾಯಿತು.

"ಏನಣ್ಣ ಇದು? ಒಡೆಯೋಕೆ ಹೇಳಿದ್ದೆ, ನೀವು ನೋಡಿದ್ರೆ ಸ್ಕ್ರೂ ಬಿಚ್ತಾ ಕೂತಿದೀರಾ!"

"ಒಡೆಯೋಕೆ ಆಗ್ತಿಲ್ಲಮ್ಮ."

"ಭುಜ ನೋವಾ?"

"ಅದೂ ಇದೆ." ಅವನು ಟಾರ್ಚನ್ನು ಅವಳ ಕೈಗೆ ಕೊಟ್ಟು ಅಲ್ಮಾರಿಯ ಹಿಂದೆ ತೋರಿಸಿದ.

ಅವಳು ಬಗ್ಗಿ, ಒಂದೊಂದೇ ಪದ ಕೂಡಿಸಿ ಓದಿ, ನಕ್ಕಳು. "ಪಾಪ, ಯಾರೀ ತಮ್ಮ?"

"ನಾನೇ."

ಅವಳ ನಗು ಅಲ್ಲಿಗೇ ನಿಂತಿತು. ಬೂದಿಬಣ್ಣದ ಬಾಗಿಲನ್ನು ಸವರಿದಳು. ಆಮೇಲೆ ಹೊರಗೆ ಹೋಗಿ ಫೋನಿನಲ್ಲಿ ಪ್ಲಂಬರನ್ನು ಸಮಾಧಾನ ಮಾಡಿ ಬಂದು, "ನಾಳೆ ಮಧ್ಯಾಹ್ನದವರೆಗೂ ಟೈಮ್ ಇದೆ ಅಣ್ಣ. ಅದಕ್ಕಿಂತ ಜಾಸ್ತಿ ನನ್ನ ಕೈಯಲ್ಲಿಲ್ಲ" ಎಂದಳು.

ಗುರುವಾರ ಮಧ್ಯಾಹ್ನಕ್ಕೆ ಸರಿಯಾಗಿ ಎಲ್ಲವನ್ನೂ ಬಿಚ್ಚಿ, ಹಲಗೆಗಳನ್ನು ಗೋಡೆಗೆ ಒರಗಿಸಿಟ್ಟ. ಗುಜರಿ ಗಾಡಿಯವರು ಬಂದು ಹೊತ್ತು ಹಾಕಿಕೊಂಡು ಹೋದರು. ಹಿಂದಿನ ಹಲಗೆಯಿಂದ ಬರಹವಿದ್ದಷ್ಟು ಜಾಗವನ್ನು ಮಾತ್ರ ಅವನು ಕೊಯ್ದು ಇಟ್ಟುಕೊಂಡ. ಶನಿವಾರ ಕಾರ್ಖಾನೆಯ ಡಬ್ಬಗಳು ಬಂದವು, ಅವನ್ನೂ ಕೂರಿಸಿದ. ಚೆನ್ನಾಗಿಯೇ ಕೂತವು.

ಭಾನುವಾರ ಬೆಳಿಗ್ಗೆ ಹಲಗೆಯನ್ನು ಹಳೆಯ ಟವಲಿನಲ್ಲಿ ಸುತ್ತಿಕೊಂಡು, ಎರಡು ಬಸ್ಸು ಬದಲಿಸಿ ಅಣ್ಣನ ಮನೆಗೆ ಹೋದ. ಬಾಗಿಲು ತೆಗೆದದ್ದು ಅತ್ತಿಗೆ.

"ಯಾರಿಗೇನಾಯ್ತೋ?" ಎಂದಳು.

"ಯಾರಿಗೂ ಏನೂ ಆಗಿಲ್ಲ ಅತ್ತಿಗೆ."

"ಮತ್ತೆ?"

"ಸುಮ್ನೆ ಬಂದೆ."

"ಒಂಬತ್ತು ವರ್ಷ ಆದ್ಮೇಲೆ ಸುಮ್ನೆ!" ಎಂದು ಅವಳು ದಾರಿ ಬಿಟ್ಟಳು. ಕಣ್ಣಲ್ಲಿ ನೀರಾಡಿದ್ದನ್ನು ಮರೆಮಾಚಲು ಒಳಗೆ ಹೋಗಿ ಪಾತ್ರೆ ಸದ್ದು ಮಾಡತೊಡಗಿದಳು.

ಅಣ್ಣ ಕಿಟಕಿ ಹತ್ತಿರದ ಕುರ್ಚಿಯಲ್ಲಿದ್ದ. ಕಾರ್ಖಾನೆ ಬಿಟ್ಟು ಒಂದು ವರ್ಷವಾಗಿತ್ತು. ಕಣ್ಣಿನ ಆಪರೇಷನ್ ಆಗಿ ದಪ್ಪ ಕನ್ನಡಕ ಬಂದಿತ್ತು. ತಮ್ಮ ಟವಲು ಬಿಚ್ಚಿ ಹಲಗೆಯನ್ನು ತೊಡೆಯ ಮೇಲಿಟ್ಟಾಗ, ಕನ್ನಡಕ ಹಣೆಗೇರಿಸಿ ಮೂಗಿನ ಹತ್ತಿರ ಹಿಡಿದು ಓದಿದ.

"ಇದನ್ನ ಬಸ್ಸಲ್ಲಿ ಹೊತ್ಕೊಂಡು ಬಂದ್ಯಾ?"

"ಹೂಂ."

"ಹುಚ್ಚ."

"ನನಗೆ ಯಾಕೆ ಹೇಳ್ಲಿಲ್ಲ?"

"ಯಾವಾಗ ಹೇಳ್ಬೇಕಿತ್ತು? ಮಗು ಕಣ್ಣು ಬಿಟ್ಟಿರಲಿಲ್ಲ, ನೀನು ನಿಂತ ಕಡೆಯೇ ತೂಕಡಿಸ್ತಿದ್ದೆ. ಆಗ ಹೋಗಿ ಮೂರು ನೂಲಿನ ಪಂಚಾಯ್ತಿ ಮಾಡ್ಲಾ?"

"ಆಮೇಲಾದ್ರೂ ಹೇಳಬಹುದಿತ್ತಲ್ಲ?"

"ಆಮೇಲೆ ಮರೆತುಹೋಯ್ತು."

ನೂಲಣ್ಣ ನೆಲ ನೋಡುತ್ತ ಕೇಳಿದ, "ಇಂಥದ್ದು ಇದೊಂದೇನಾ?"

ಅಣ್ಣ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಇನ್ನೂ ಇದ್ವು. ನಂದೂ ಇದ್ವು, ನಿಂದೂ ಇದ್ವು. ಮರ ಅಂದ್ಮೇಲೆ ಇರತ್ತೆ ಕಣೋ" ಎಂದ.

"ಅವತ್ತು ಡಾಕ್ಟರ ಮನೇಲಿ ನಾನು ಹಾಗೆ ಅನ್ನಬಾರದಿತ್ತು."

"ಅನ್ನಬಾರದಿತ್ತು."

ಬಿಡಪ್ಪ, ಆಗಿದ್ದಾಯ್ತು ಅನ್ನುತ್ತಾನೆಂದು ಕಾದಿದ್ದ ತಮ್ಮನಿಗೆ ಆ ಒಂದು ಮಾತು ನಾಟಿತು. ಅಣ್ಣ ಅದನ್ನು ಹಾಗೇ ಬಿಟ್ಟು, ಮೆಲ್ಲಗೆ ಹೇಳಿದ:

"ಆದ್ರೆ ಒಂದು ಮಾತು ಕೇಳು. ಅದಕ್ಕೂ ಎರಡು ವರ್ಷ ಮೊದಲಿಂದ ಆ ಕೆಲಸ ಬಿಡಬೇಕು ಅಂತಾನೇ ಇದ್ದೆ. ನಿನಗೆ ಹೇಳೋಕೆ ಬಾಯಿ ಬರ್ತಿರಲಿಲ್ಲ. ನೀನು ಬೈದೆ, ನನಗೆ ದಾರಿ ಸಿಕ್ತು. ಕಾರ್ಖಾನೇಲಿ ಬಟನ್ ಒತ್ತಿದ್ರೆ ಮಷೀನು ಹಲಗೆಗೆ ಅಂಚುಪಟ್ಟಿ ಅಂಟಿಸ್ತಿತ್ತು. ಸರಿಯಾದ್ರೂ ಅದರದ್ದೇ, ತಪ್ಪಾದ್ರೂ ಅದರದ್ದೇ. ಸುಸ್ತಾಗಿತ್ತು ಕಣೋ ನನಗೆ."

"ನನಗೂ ಆಗಿದೆ" ಎಂದ ನೂಲಣ್ಣ. ಇಷ್ಟು ದಿನ ಆ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ.

ಅತ್ತಿಗೆ ಊಟಕ್ಕೆ ಕರೆದಳು. ಇಬ್ಬರೂ ಭುಜ, ಮಂಡಿ, ಬೆನ್ನು ಎಂದು ನೋವುಗಳನ್ನು ಹೋಲಿಸಿಕೊಳ್ಳುತ್ತ ಉಂಡರು. "ಒಳ್ಳೆ ಆಸ್ಪತ್ರೆ ಸಾಲಲ್ಲಿ ಕೂತ ಹಾಗಿದೆ" ಎಂದು ಅವಳು ಬಡಿಸುತ್ತಲೇ ಗದರಿದಳು. ಎಡಗಿವಿ ಕೇಳಿಸುವುದಿಲ್ಲವೆಂದು ತಮ್ಮ ಹೇಳಿದಾಗ ಅಣ್ಣ ತಟ್ಟೆ ಎತ್ತಿಕೊಂಡು ಎದ್ದು, ಸುತ್ತಿ ಬಂದು ಬಲಗಡೆ ಕೂತ.

ಊಟವಾದ ಮೇಲೆ ಅಣ್ಣ ಕುರ್ಚಿಯಲ್ಲೇ ನಿದ್ದೆ ಹೋದ. ನೂಲಣ್ಣ ಐದು ನಿಮಿಷ ಬೆನ್ನು ಚಾಚುತ್ತೇನೆಂದು ಚಾಪೆ ಹಾಸಿಕೊಂಡ. ಮೂರಾಯಿತು, ನಾಲ್ಕಾಯಿತು. ಫೋನು ಎರಡು ಸಲ ಹೊಡೆದುಕೊಂಡರೂ ಎಚ್ಚರವಾಗಲಿಲ್ಲ. ಮೂರನೆಯ ಸಲಕ್ಕೆ ಅತ್ತಿಗೆ ತೆಗೆದುಕೊಂಡಳು. ಆ ಕಡೆ ಅವನ ಹೆಂಡತಿ.

"ಇಲ್ಲೇ ಇದಾನಮ್ಮ. ಮಲಗಿದಾನೆ. ಇಬ್ಬರೂ ಮಲಗಿದಾರೆ. ಎದ್ದ ಮೇಲೆ ಕಳಿಸ್ತೀನಿ ಬಿಡು" ಎಂದು ದನಿ ತಗ್ಗಿಸಿ ಹೇಳಿ, ಕಿಟಕಿಯ ಪರದೆ ಎಳೆದಳು.