ಕರೆಂಟ್ ಬಂದರೂ ತಾನೇ ಹಾಡದ ಪೆಟ್ಟಿಗೆ

ಮಾನ್ವಿಯ ಆ ಸಣ್ಣ ಅಂಗಡಿಯಲ್ಲಿ ನಾನು ಹಾಡಿನ ಹೊಸ ಪೆಟ್ಟಿಗೆಯ ಪ್ಲಗ್ಗನ್ನು ಮೂರನೆಯ ಸಲ ಕಿತ್ತಾಗ ಉಸ್ತಾದ್ ನನ್ನ ಕೈ ಹಿಡಿದುಕೊಂಡರು. ನನ್ನ ಆಂಪ್ಲಿಫೈಯರನ್ನು ಎಷ್ಟೋ ವರ್ಷಗಳಿಂದ ರಿಪೇರಿ ಮಾಡುತ್ತ ಬಂದವರು ಅವರು. ನಾನಿರುವ ರಾಯಚೂರಿನಲ್ಲಿ ಅಂಗಡಿಗಳಿಲ್ಲವೆಂದಲ್ಲ, ನನ್ನ ಸಿಟ್ಟು ತಡೆದುಕೊಳ್ಳುವ ಅಂಗಡಿಯವರಿಲ್ಲ.

"ಸರ್, ಹಾಡು ಕೇಳಾಕ ಬಂದೀರೋ, ಪೆಟಗಿ ಕೊಲ್ಲಾಕ ಬಂದೀರೋ?"

"ಕರೆಂಟ್ ಹೋಗಿ ಬಂದ್ರ ಇದು ಏನ್ ಮಾಡತದ ನೋಡಬೇಕ್ರಿ."

"ಏನ್ ಮಾಡತದ? ಎಲ್ಲಿ ನಿಂತಿತ್ತೋ ಅಲ್ಲಿಂದ ತಾನ ಶುರು ಮಾಡತದ. ಅದ ಇದರ ಖೂಬಿ."

ಆ ಹೆಚ್ಚುಗಾರಿಕೆಯೇ ನನಗೆ ಬೇಡವಾಗಿತ್ತು. ಮುಂದಿನ ವಾರ ನನ್ನ ಅಕ್ಕ ಕಣ್ಣಿನ ಆಪರೇಷನ್ನಿಗೆಂದು ದೇವದುರ್ಗದಿಂದ ನಮ್ಮ ಮನೆಗೆ ಬರುವವಳಿದ್ದಳು. ಭಾವ ಸತ್ತು ಒಂದೂವರೆ ವರ್ಷವಾಗಿತ್ತು, ಅಂದಿನಿಂದ ಅವಳು ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಆ ನಾಲ್ಕು ದಿನ ಅವಳು ನಮ್ಮ ಪಡಸಾಲೆಯಲ್ಲಿ ನೆಮ್ಮದಿಯಿಂದ ಕೂತರೆ ಸಾಕಿತ್ತು. ಈ ಸಲ ಎದ್ದು ಹೋದರೆ ಮತ್ತೆ ಬರುವವಳಲ್ಲ.

ಹಳೆಯ ಪೆಟ್ಟಿಗೆಯ ಸಂಗತಿ ಹೇಳದಿದ್ದರೆ ಇದು ಹುಚ್ಚಾಟದಂತೆ ಕಾಣುತ್ತದೆ. ಅಂಗೈಯಗಲದ ಸ್ಟ್ರೀಮರ್ ಅದು. ಇಂಟರ್ನೆಟ್ಟಿನಿಂದ ಹಾಡು ಎಳೆದು ಆಂಪ್ಲಿಫೈಯರಿಗೆ ಕೊಡುತ್ತಿತ್ತು. ಮೈಮೇಲೆ ಒಂದು ಗುಂಡಿಯೂ ಇಲ್ಲ, ಎಲ್ಲ ಫೋನಿನಿಂದಲೇ. ನನಗೆ ಅದೊಂದು ದೊಡ್ಡ ಜಂಬ. ರಾಜ್ಯಕ್ಕೆಲ್ಲ ಕರೆಂಟ್ ಕಳಿಸುವ ಊರು ನಮ್ಮದು, ಆದರೆ ದೀಪದ ಬುಡದಲ್ಲಿ ಕತ್ತಲೆ ಎಂಬಂತೆ ನಮ್ಮ ಓಣಿಯಲ್ಲಿ ಅದು ಹೋಗಿ ಬಂದು ಮಾಡುವುದು ತಪ್ಪಿದ್ದಲ್ಲ. ಕರೆಂಟ್ ಬಂದದ್ದು ಓಣಿಯವರಿಗೆ ಗೊತ್ತಾಗುತ್ತಿದ್ದುದೇ ನಮ್ಮ ಮನೆಯ ಹಾಡಿನಿಂದ.

ಅದು ತಾನೇ ಹಾಡತೊಡಗುವುದು ಭಾವನಿಗೆ ಸೇರುತ್ತಿರಲಿಲ್ಲ. ದೇವದುರ್ಗದಲ್ಲಿ ಹಿಟ್ಟಿನ ಗಿರಣಿ ನಡೆಸಿದವನು ಅವನು. ಗಿರಣಿಯ ಸದ್ದಿಗೆ ಕಿವಿ ಅರ್ಧ ಹೋಗಿತ್ತು, ಹಾಡಿನ ಹುಚ್ಚು ಮಾತ್ರ ಹೋಗಿರಲಿಲ್ಲ. ರಾಯಚೂರಿಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಸ್ಪೀಕರಿಗೆ ಕಿವಿ ಹಚ್ಚಿ ಕೂರುತ್ತಿದ್ದ. ಒಮ್ಮೆ ಕರೆಂಟ್ ಬಂದು ಪೆಟ್ಟಿಗೆ ಒಮ್ಮೆಲೇ ಹಾಡತೊಡಗಿದಾಗ ಬೆಚ್ಚಿಬಿದ್ದ.

"ಇದು ಚೊಲೊ ಅಲ್ಲೋ. ಗಿರಣ್ಯಾಗ ಕರೆಂಟ್ ಹೋತಂದ್ರ ಮದಲ ಸ್ಟಾರ್ಟರ್ ಬಂದ್ ಮಾಡತೀವಿ. ಕಲ್ಲು ಬಿಚ್ಚಿಕೊಂಡು ಕುಂತಿರತೀವಿ, ಕೈ ಒಳಗ ಇರತದ. ಕರೆಂಟ್ ಬಂದ್ರೂ ಮನಷ್ಯಾ ಸುತ್ತ ನೋಡಿ, ಆಮ್ಯಾಲ ಗುಂಡಿ ಒತ್ತಬೇಕು."

"ಇದರಾಗ ಯಾರ ಕೈ ಸಿಗತದ ಭಾವ?" ಎಂದು ನಕ್ಕಿದ್ದೆ. ಕಾಲೇಜಿನಲ್ಲಿ ಪಾಠ ಹೇಳುವವನು ನಾನು. ಗಿರಣಿಯವನ ಮಾತು ನನ್ನ ತಲೆಗೆ ಹೇಗೆ ಇಳಿಯಬೇಕು?

ಅವನ ಲಿವರ್ ಕೆಟ್ಟಿತ್ತು. ಆಸ್ಪತ್ರೆಯವರು ಕೈಚೆಲ್ಲಿ ಕಳಿಸಿದರು. ದೇವದುರ್ಗದ ದಾರಿಯ ಕುಲುಕಾಟ ಅವನಿಂದ ಆಗುವಂತಿರಲಿಲ್ಲ, ನಮ್ಮ ಪಡಸಾಲೆಯಲ್ಲೇ ಹಾಸಿಗೆ ಹಾಸಿದೆವು. ಒಂದು ಬೆಳಿಗ್ಗೆ ಎರಡು ಚಮಚ ಗಂಜಿ ಕುಡಿದು, "ಒಂದು ಹಾಡು ಹಚ್ಚು. ಕುಣಿಯೋದು ಹಚ್ಚು" ಎಂದ. ಅವನ ಕಿವಿಗೆ ಮುಟ್ಟಲೆಂದು ಸದ್ದು ಪೂರಾ ಏರಿಸಿದೆ. ಹಾಡು ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಅದು ತಿರುಗಿ ಬರುವುದರೊಳಗೆ ಭಾವ ಹೋದ.

ದೇವದುರ್ಗದಿಂದ, ಅರಕೇರಾದಿಂದ ಅವನ ಕಡೆಯವರು ಬಂದು ಕೂತರು. ಅಕ್ಕ ಅವನ ಎದೆಯ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಮಧ್ಯಾಹ್ನ ಫ್ಯಾನು ತಿರುಗತೊಡಗಿತು. ಯಾರೋ ಒಬ್ಬರು "ಪುಣ್ಯಾ, ಕರೆಂಟ್ ಬಂತು" ಎಂದರು. ಅಷ್ಟರಲ್ಲಿ ಆ ಹಾಡು, ನಿಂತಲ್ಲಿಂದಲೇ, ಅಷ್ಟೇ ಸದ್ದಿನಲ್ಲಿ, ಸಿಳ್ಳೆಯ ಸಮೇತ ಶುರುವಾಯಿತು.

ನಮ್ಮಲ್ಲಿ ಸತ್ತ ಮನೆಗೆ ಭಜನೆಯವರು ಬರುತ್ತಾರೆ, ಹಲಗೆ ಬಾರಿಸುತ್ತಾರೆ. ಅದು ಬೇರೆ. ಇದು ಮದುವೆಯ ಮೆರವಣಿಗೆಯಲ್ಲಿ ಕುಡಿದವರು ಕುಣಿಯುವ ಹಾಡು. ನನ್ನ ಫೋನನ್ನು ಊರಿಗೆ ಸುದ್ದಿ ಮುಟ್ಟಿಸಲೆಂದು ಯಾರೋ ಹೊರಗೆ ಒಯ್ದಿದ್ದರು. ಪೆಟ್ಟಿಗೆಗೆ ಗುಂಡಿಯಿಲ್ಲ. ನಾನು ಹೆಂಗಸರನ್ನು ದಾಟಿ, ಹೆಣದ ಕಾಲನ್ನೂ ದಾಟಿ, ವೈರು ಹಿಡಿದು ಎಳೆದೆ. ಪೆಟ್ಟಿಗೆ ವೈರಿನ ಜೊತೆಗೇ ಬಂದು ನೆಲಕ್ಕೆ ಬಿದ್ದು ಒಡೆಯಿತು. ಅಷ್ಟು ಹೊತ್ತೂ ಅಕ್ಕ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಹೆಣದ ಮುಂದ ಬಾಜಾ ಹಚ್ಯಾನ, ಹೆಣಾ ದಾಟ್ಯಾನ" ಎಂಬ ಮಾತು ಹೆಣ ಒಯ್ದ ನಮಗಿಂತ ಮೊದಲೇ ದೇವದುರ್ಗ ಮುಟ್ಟಿತ್ತು. ಅಲ್ಲಿ ಬದುಕಬೇಕಾದವಳು ಅಕ್ಕ. ನನ್ನನ್ನು ಅವಳು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾಗರ ಪಂಚಮಿಗೆ ಕರೆಯಲು ಹೋದರೆ ಚಹಾ ಕೊಟ್ಟಳು, ಹಬ್ಬದ ಉಂಡಿ ಮುಂದಿಟ್ಟಳು, "ಮೈಯಾಗ ಆರಾಮಿಲ್ಲ ತಮ್ಮಾ, ಮುಂದಿನ ವರ್ಷ ನೋಡೂಣು" ಎಂದಳು. ತವರಿನ ಪಂಚಮಿಯನ್ನೇ ಬಿಟ್ಟವಳ ಎದುರು ಕೂತು ಆ ಉಂಡಿ ನುಂಗುವುದು ನನಗೆ ಕಷ್ಟವಾಯಿತು.

ಹೊಸ ಪೆಟ್ಟಿಗೆ ತರುವ ಮನಸ್ಸು ನನಗಿರಲಿಲ್ಲ. ಹೆಂಡತಿಯೇ ಹೇಳಿದಳು: "ಹಾಡಿನ ಕಪಾಟು ಖಾಲಿ ಕಂಡ್ರ, ತಮ್ಮಿಂದನ ಈ ಮನ್ಯಾಗ ಹಾಡು ನಿಂತಾವಂತ ಅಕ್ಕಾರು ನೊಂದಕೋತಾರ. ಒಂದು ತಂದು ಇಡ್ರಿ." ಅವಳ ಮಾತು ಸರಿಯಿತ್ತು. ಹಾಡಿಲ್ಲದೆ ನನಗೂ ಮನೆ ಬಿಕೋ ಎನ್ನುತ್ತಿತ್ತು, ಸುಳ್ಳೇಕೆ ಹೇಳಲಿ.

ಉಸ್ತಾದ್ ಎರಡನೆಯ ಪೆಟ್ಟಿಗೆ ತೆಗೆದರು. ತಾನೇ ಶುರುವಾಗುವುದನ್ನು ಅದರಲ್ಲಿ ಫೋನಿನಿಂದ ಬಂದ್ ಮಾಡಬಹುದಂತೆ. ನಾಳೆ ಅಪ್‌ಡೇಟ್ ಬಂದರೆ ಮತ್ತೆ ಶುರುವಾಗುವುದಿಲ್ಲವೇ ಎಂದು ಕೇಳಿದೆ. "ಅದರ ಗ್ಯಾರಂಟಿ ನಾ ಹೆಂಗ ಕೊಡ್ಲಿ ಸರ್?" ಎಂದರು. ಕೊನೆಗೆ ಒಳಗಿನಿಂದ ಒಂದು ಹಳೆಯ ಮಾದರಿ ತಂದರು. ಮುಖದ ಮೇಲೆ ದಪ್ಪ ಗುಂಡಿಯಿತ್ತು. "ಇದರ ಆವಾಜ್ ನಿಮಗ ಹಿಡಸಂಗಿಲ್ಲ" ಎಂದು ಮೊದಲೇ ಎಚ್ಚರಿಸಿದರು. ಹೌದು, ದನಿ ತೆಳ್ಳಗಿತ್ತು. ಆಗ ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ತಾವೇ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚುಚ್ಚಿದರು. ಒಂದು ಕೆಂಪು ದೀಪ ಹತ್ತಿತು, ಅಷ್ಟೇ. ಗುಂಡಿ ಒತ್ತುವ ತನಕ ಅದು ಬಾಯಿ ಬಿಡಲಿಲ್ಲ. ಭಾವನ ಸ್ಟಾರ್ಟರಿನಂಥದು ನನಗೆ ಕಡೆಗೂ ಸಿಕ್ಕಿತು. ಅದನ್ನೇ ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಅಕ್ಕ ಬಂದಳು. ಆಪರೇಷನ್ ಸುಸೂತ್ರವಾಗಿ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ, ಕಪಾಟಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಎರಡು ದಿನ ಕರೆಂಟ್ ಹೋಗಲಿಲ್ಲ. ಮೂರನೆಯ ದಿನ ಮುಂಜಾನೆ, ಅವಳು ನನ್ನ ಹೆಂಡತಿಗೆ ಹಿಟ್ಟು ಹದವಾಗಿ ಬೀಸುವ ಬಗೆ ಹೇಳುತ್ತಿದ್ದಾಗ, ಹೋಯಿತು. ಫ್ಯಾನು ನಿಂತಿತು. ಅಕ್ಕನ ಮಾತೂ ನಿಂತಿತು. ಚಹಾದ ಬಟ್ಟಲನ್ನು ನೆಲಕ್ಕಿಟ್ಟಳು. ನನಗೆ ಮಾತ್ರ ಧೈರ್ಯವಿತ್ತು. ಕರೆಂಟ್ ಬರಲಿ, ಪೆಟ್ಟಿಗೆ ಸುಮ್ಮನಿರುವುದನ್ನು ಅವಳೇ ನೋಡಲಿ ಎಂದುಕೊಂಡೆ.

ಅರ್ಧ ಗಂಟೆಗೆ ಫ್ಯಾನು ಅಲುಗಿತು. ಅಕ್ಕನ ಎರಡೂ ಕೈ ಥಟ್ಟನೆ ಕಿವಿಗೆ ಹೋದವು.

ಪೆಟ್ಟಿಗೆ ಸುಮ್ಮನಿತ್ತು. ಕೆಂಪು ದೀಪವೊಂದೇ ಹತ್ತಿತ್ತು. "ಅಕ್ಕಾ, ಇದು ತಾನ ಹಾಡಂಗಿಲ್ಲ. ಭಾವ ಹೇಳಿದ್ದನಲ್ಲ, ಹಂಗ ಗುಂಡಿ ಒತ್ತಬೇಕು" ಎಂದೆ. ಕಿವಿ ಮುಚ್ಚಿಕೊಂಡವಳಿಗೆ ಏನು ಕೇಳಬೇಕು? ಒಂದು ಹಾಡು ಮುಗಿಯುವಷ್ಟು ಹೊತ್ತು ಹಾಗೆಯೇ ಕೂತಿದ್ದಳು. ಆಮೇಲೆ ಒಂದು ಕೈಯನ್ನಷ್ಟೇ ಸಡಿಲಿಸಿ ನನ್ನ ಕಡೆ ತಿರುಗಿದಳು.

"ಆ ಹಾಡು ಬಂದ್ ಮಾಡಿದೇನು?"

"ಮಾಡೀನಿ ಅಕ್ಕಾ" ಎಂದೆ.