ಚಿಕ್ಕಮ್ಮನ ಗದ್ದೆಯಲ್ಲಿ ಟೆಂಟ್

ಕೊರೋನಾ ಕಾಲದಲ್ಲಿ ನಾನೂ ಅಮ್ಮನೂ ಟೆಂಟ್ ಹೊತ್ತುಕೊಂಡು ತಿರುಗಲು ಕಲಿತೆವು. ನಮಗೆ ಲಾಡ್ಜಿನ ಹಾಸಿಗೆ ಎಂದರೆ ಹೆದರಿಕೆ, ನೆಂಟರಿಗೆ ನಾವೆಂದರೆ ಹೆದರಿಕೆ. ಲಾಕ್‌ಡೌನ್ ಸಡಿಲವಾದದ್ದೇ ತಡ, ಮಣಿಪಾಲದ ಅಂಗಡಿಯಿಂದ ಒಂದು ಟೆಂಟ್ ತಂದೆ. ಮೊದಲ ಪ್ರಯೋಗ ನಮ್ಮ ಕಾಪುವಿನ ಕಡಲ ಬದಿಯಲ್ಲೇ ಆಯಿತು. ನಮ್ಮ ಮನೆ ಅಲ್ಲಿಂದ ಕೂಗಳತೆಯಲ್ಲಿ ಇದ್ದುದರಿಂದ, ಬಲೆ ಸರಿಮಾಡುತ್ತಿದ್ದ ನೆರೆಯವರು "ಎಂತ, ಮನೆ ಬಿದ್ದು ಹೋಯ್ತಾ?" ಎಂದು ನಗಾಡಿದರು. ಎರಡನೆಯ ಸಲ ಕಾರ್ಕಳದ ಹತ್ತಿರ, ಪರಿಚಯದವರ ಜಾಗದಲ್ಲಿ. ಬಂಡೆಯೊಳಗೆ ಗೂಟ ಇಳಿಯುವುದಿಲ್ಲ ಎಂಬಷ್ಟು ಬುದ್ಧಿಯೂ ನನಗಿರಲಿಲ್ಲ. ಅಮ್ಮ ಮಾತ್ರ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸ್ಯಾನಿಟೈಸರ್ ಎಲ್ಲ ಕಟ್ಟಿಕೊಂಡು ಅಚ್ಚುಕಟ್ಟಾಗಿ ಬಂದಿದ್ದಳು.

ಆದರೆ ಅವಳ ಜೀವವೆಲ್ಲ ಹಿರಿಯಡ್ಕದಲ್ಲಿತ್ತು. ಅಲ್ಲಿದ್ದ ಅವಳ ತಂಗಿಗೆ, ಅಂದರೆ ನನ್ನ ಚಿಕ್ಕಮ್ಮನಿಗೆ, ಕ್ಯಾನ್ಸರಿನ ಚಿಕಿತ್ಸೆ ನಡೆಯುತ್ತಿತ್ತು. ಹೊರಗಿನವರು ಯಾರೂ ಮನೆಯೊಳಗೆ ಬರಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಜ್ಜಿ ಬೇಗ ತೀರಿಕೊಂಡದ್ದರಿಂದ ಚಿಕ್ಕಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಮ್ಮನೇ. "ನಾನು ಹೊರಗಿನವಳಾ?" ಎಂದು ನನ್ನ ಮೇಲೆ ರೇಗುತ್ತಿದ್ದಳು, ಆ ಡಾಕ್ಟರು ನಾನೇ ಎಂಬಂತೆ. ತಂಗಿ ಇನ್ನೊಮ್ಮೆ ನೋಡಲು ಸಿಗುತ್ತಾಳೋ ಇಲ್ಲವೋ ಎಂಬ ಭಯ. ಅದು ನನಗೂ ಇತ್ತು.

"ಒಳಗೆ ಹೋಗುವುದು ಬೇಡ. ಅವರ ಗದ್ದೆಯಲ್ಲಿ ಟೆಂಟ್ ಹಾಕುವ," ಎಂದೆ.

"ತಂಗಿ ಮನೆಗೆ ಹೋಗಿ ಗದ್ದೆಯಲ್ಲಿ ಕೂರುವುದಾ? ಅದಕ್ಕಿಂತ ಹೋಗದೇ ಇರುವುದು ಒಳ್ಳೆಯದು."

ಹೀಗೆಂದವಳು ಮರುದಿನ ನನಗಿಂತ ಮೊದಲೇ ಸೀರೆ ಉಟ್ಟು ಕಾರಿನಲ್ಲಿ ಕುಳಿತಿದ್ದಳು.

ಕೊಯ್ಲು ಮುಗಿದ ಗದ್ದೆ ಒಣಗಿತ್ತು. ಚಿಕ್ಕಮ್ಮ ತಲೆಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕುಳಿತಿದ್ದಳು. ನಡುವೆ ಅಂಗಳ. ಚಿಕ್ಕಪ್ಪ ಬೆಲ್ಲ ಮತ್ತು ನೀರು ತಂದು ಗದ್ದೆಯ ಬದುವಿನ ಮೇಲಿಟ್ಟು ಹಿಂದೆ ಸರಿದರು. ಅಮ್ಮ ಮಾಸ್ಕ್ ಇಳಿಸಿ, ಬೆಲ್ಲ ಕಚ್ಚಿ, ನೀರು ಕುಡಿದಳು. ನಾನು ಗದ್ದೆಯಲ್ಲಿ ಟೆಂಟ್ ನಿಲ್ಲಿಸಿದೆ.

"ಅಕ್ಕಾ, ಅದರೊಳಗೆ ನೀನು ಹೋಗುವುದು ಹೇಗೆ? ತೋರಿಸು ನೋಡುವ," ಎಂದು ಚಿಕ್ಕಮ್ಮ ಕೂಗಿದಳು. ಅಮ್ಮ ಸೀರೆ ಎತ್ತಿ ಸಿಕ್ಕಿಸಿ ಟೆಂಟಿನೊಳಗೆ ಅಂಬೆಗಾಲಿಟ್ಟಳು. ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಳು. ಚಿಕ್ಕಮ್ಮನ ನಗು ಗದ್ದೆಯವರೆಗೂ ಕೇಳಿಸಿತು. ನನಗೆ ಅಷ್ಟೇ ಸಾಕಾಗಿತ್ತು.

ಸಂಜೆ ಅಮ್ಮ ಚೀಲದಿಂದ ಬಾಳೆಲೆಯ ಪೊಟ್ಟಣವೊಂದನ್ನು ತೆಗೆದು ಬದುವಿನ ಮೇಲಿಟ್ಟಳು. ಬರುವಾಗ ಶಂಕರಪುರದಲ್ಲಿ ಕೊಂಡ, ದಾರದಲ್ಲಿ ಕಟ್ಟಿದ ಒಂದು ಚೆಂಡು ಮಲ್ಲಿಗೆ. ತಂಗಿಯನ್ನು ನೋಡಲು ಅವಳು ಯಾವತ್ತೂ ಮಲ್ಲಿಗೆ ಇಲ್ಲದೆ ಹೋದವಳಲ್ಲ. ಚಿಕ್ಕಪ್ಪ ಅದನ್ನು ಒಯ್ದು ಕೊಟ್ಟರು. ಚಿಕ್ಕಮ್ಮ ಪೊಟ್ಟಣ ಬಿಚ್ಚಿ ನೋಡಿದಳು. ಆಮೇಲೆ ತಲೆಯ ಬಟ್ಟೆಯನ್ನು ಮೆಲ್ಲಗೆ ತೆಗೆದಳು.

ಕೂದಲು ಹೋದ ಸುದ್ದಿ ಅವಳೇ ಫೋನಿನಲ್ಲಿ ಹೇಳಿದ್ದಳು. ನಮಗಿಬ್ಬರಿಗೂ ನೆನಪಾಗಿರಲಿಲ್ಲ.

"ಅಯ್ಯೋ, ನನ್ನ ಬುದ್ಧಿಗೆ ಎಂತ ಆಯ್ತು!" ಅಮ್ಮ ಹಣೆ ಚಚ್ಚಿಕೊಂಡಳು.

ಚಿಕ್ಕಮ್ಮ ಹೂವನ್ನು ಮೂಗಿಗೆ ಹಿಡಿದು ಮೂಸಿದಳು. ನಂತರ ಗಂಡನ ಕೈಗೆ ಕೊಟ್ಟು, "ಅಕ್ಕನಿಗೆ ಕೊಡಿ. ನನಗೆ ಕೂದಲಿಲ್ಲ, ಅವಳಿಗೆ ಉಂಟಲ್ಲ. ನನ್ನ ಬದಲು ಅವಳು ಮುಡಿಯಲಿ," ಎಂದಳು.

ಅಪ್ಪ ತೀರಿಕೊಂಡದ್ದು ನಾನು ಶಾಲೆಗೆ ಹೋಗುತ್ತಿದ್ದಾಗ. ಅಂದಿನಿಂದ ಅಮ್ಮ ಹೂ ಮುಡಿದವಳಲ್ಲ. ಎಲ್ಲರಿಗೂ ಕೊಂಡು ಕೊಡುವಳು, ತಾನು ಮಾತ್ರ ಮುಡಿಯಳು.

"ಹುಚ್ಚಾ ನಿನಗೆ? ನೋಡಿದವರು ಎಂತ ಹೇಳ್ತಾರೆ?"

"ನೋಡುವುದು ಯಾರು ಮಾರಾಯ್ತಿ? ಊರಿಡೀ ಬಾಗಿಲು ಹಾಕಿ ಕೂತಿದೆ. ಮುಡಿ ಅಕ್ಕಾ. ನನಗೆ ನೋಡಬೇಕು."

ಅಮ್ಮ ನನ್ನ ಮುಖ ನೋಡಿದಳು. ನನ್ನ ಕೂದಲಿನ ಪಿನ್ನು ತೆಗೆದು ಅವಳಿಗೆ ಕೊಟ್ಟೆ. ಅವಳೇ ಹೂವನ್ನು ಜಡೆಗೆ ಸಿಕ್ಕಿಸಿದಳು, ಸ್ವಲ್ಪ ಓರೆಯಾಗಿ.

"ತಿರುಗು, ನೋಡುವ."

ಅಮ್ಮ ಮನೆಗೆ ಬೆನ್ನು ಮಾಡಿ ನಿಂತಳು.

"ಚಂದ ಉಂಟು. ಸಾಕು, ಇನ್ನು ಈಚೆ ತಿರುಗು," ಎಂದಳು ಚಿಕ್ಕಮ್ಮ.

ಅಮ್ಮ ತಿರುಗಲಿಲ್ಲ. ನನ್ನೆದುರು ನಿಂತು ಮಾಸ್ಕಿನಿಂದಲೇ ಕಣ್ಣು ಒರೆಸಿಕೊಳ್ಳುತ್ತ, "ಇನ್ನೂ ಸ್ವಲ್ಪ ನೋಡಲಿ ಅವಳು," ಎಂದಳು.